ತೆರೆಯದ ಬಾಗಿಲಿನ ಥೀಸಿಸ್

ಕಥೆಯನ್ನು ಕೊನೆತನಕ ನೋಡದವನಿಗೆ ಅದರ ಕೊನೆ ಗೊತ್ತಿರುವುದಿಲ್ಲ. ಇದನ್ನು ತಿಳಿಯಲು ಪದವಿ ಬೇಡ, ಪದವಿಯ ತಲೆಯ ಮೇಲೆ ಕೂರಿಸುವ ಇನ್ನೊಂದು ಪದವಿಯಂತೂ ಬೇಡವೇ ಬೇಡ. ಆದರೂ ಒಂದು ವಿಶ್ವವಿದ್ಯಾಲಯದ ಒಂದು ವಿಭಾಗ, ಮಾರ್ಗದರ್ಶಕರು ಪರೀಕ್ಷಕರ ಸಮೇತ, ಇಷ್ಟು ಸಣ್ಣ ಸಂಗತಿಯನ್ನು ಮರೆತು ವರ್ಷಗಟ್ಟಲೆ ಹಾಯಾಗಿತ್ತು.

ಈ ಮಹಾಮರೆವಿನ ನಾಯಕ ಮೂವತ್ತಾರು ದಾಟಿದ ಒಬ್ಬ ವಿದ್ಯಾರ್ಥಿ. ಹೌದು, ವಿದ್ಯಾರ್ಥಿಯೇ. ಹಣೆ ಬಡ್ತಿ ಪಡೆದು ನೆತ್ತಿಯ ತನಕ ಹೋಗಿದ್ದರೂ ಬಸ್ಸಿನಲ್ಲಿ ರಿಯಾಯಿತಿ ಪಾಸು ತೋರಿಸಿ, ಕಂಡಕ್ಟರ್ ಪಾಸಿನ ಫೋಟೋವನ್ನೂ ಎದುರಿಗಿದ್ದ ಮುಖವನ್ನೂ ತಾಳೆ ನೋಡುವಾಗ ಕಿಟಕಿಯ ಕಡೆ ತಿರುಗುವ ವಿದ್ಯಾರ್ಥಿ. ಅವನ ಸಂಶೋಧನೆ ಕಂಪ್ಯೂಟರಿನ ಸಾಹಸ ಆಟಗಳಲ್ಲಿ ಕಥೆ ಹೇಳುವ ಬಗೆಯ ಮೇಲೆ. ಹಾಗಾಗಿ ಹೆಂಡತಿ ಅವನಿಗೆ ಸಾಹಸಿ ಎಂದೇ ಹೆಸರಿಟ್ಟಿದ್ದಳು. ಮೂಲೆಯ ಅಂಗಡಿಯಿಂದ ಮೊಟ್ಟೆ ತರುವ ಸಾಹಸಕ್ಕೂ ಕೈ ಹಾಕದವನಿಗೆ ಅದು ಚೆನ್ನಾಗಿಯೇ ಒಪ್ಪುತ್ತಿತ್ತು.

ಹೆಂಡತಿ ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿದ್ದಳು. ಅಪರಿಚಿತರ ಬೋಳು ಒಸಡಿನ ಅಚ್ಚಿಗೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನದು ಕೆಳಗಿನದಕ್ಕೆ ಸರಿಯಾಗಿ ಕಚ್ಚುತ್ತದೋ ಇಲ್ಲವೋ ನೋಡಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವುದು ಅವಳ ಕೆಲಸ. (ತಿಂಗಳಿಗೆ ಎಷ್ಟೋ ಜನರ ನಗು ಅವಳ ಕೈಯಿಂದ ಹೊರಡುತ್ತಿತ್ತು, ಅವಳ ಪಾಲಿಗೆ ಉಳಿಯುತ್ತಿದ್ದದ್ದು ಪುಡಿ.) ಮುಂದಿನ ಕೋರ್ಸು ಮುಗಿಸಿ ಸ್ವಂತ ಲ್ಯಾಬ್ ಇಡಬೇಕೆಂದು ಅವಳಿಗೆ ಆಸೆ. ಆದರೆ ಒಂದು ಸಂಬಳದ ಮನೆಯಲ್ಲಿ ಎರಡೆರಡು ವಿದ್ಯಾರ್ಥಿಗಳನ್ನು ಸಾಕಲಾಗದು. "ನನ್ನ ಥೀಸಿಸ್ ಮುಗೀಲಿ, ಆಮೇಲೆ ನಿನ್ನ ಸರದಿ" ಎಂದು ಸಾಹಸಿ ಮದುವೆಯ ಹೊಸತರಲ್ಲಿ ಭಾಷೆ ಕೊಟ್ಟಿದ್ದ. ಆ ಸರದಿ ಇನ್ನೂ ಬಂದಿರಲಿಲ್ಲ. ಊಟದ ಮೇಜಿನ ತುಂಬ ಅವನ ಕಂಪ್ಯೂಟರು, ಪುಸ್ತಕ, ತಣ್ಣಗಾದ ಚಹಾದ ಲೋಟಗಳು. ಹೆಂಡತಿ ಊಟ ಮಾಡುತ್ತಿದ್ದದ್ದು ನಿಂತುಕೊಂಡು, ಅಡುಗೆಕಟ್ಟೆಗೆ ಸೊಂಟ ಆನಿಸಿ. ಈಗ ವಿಶ್ವವಿದ್ಯಾಲಯಕ್ಕೂ ಸಾಕಾಗಿತ್ತು. ಇನ್ನು ಅವಧಿ ವಿಸ್ತರಿಸುವುದಿಲ್ಲ, ಈ ಸಲದ ಮೌಖಿಕ ಪರೀಕ್ಷೆಯೇ ಕೊನೆ, ಪಾಸಾದರೆ ಡಾಕ್ಟರು, ಇಲ್ಲದಿದ್ದರೆ ನಮಸ್ಕಾರ ಎಂದುಬಿಟ್ಟಿತ್ತು.

ಆಟ ಎಂದ ಕೂಡಲೇ ಮೂಗು ಮುರಿದಿರಲ್ಲ, ಸ್ವಲ್ಪ ನಿಲ್ಲಿ. ಸಾಹಸ ಆಟದಲ್ಲಿ ಗುಂಡು ಹಾರಿಸುವಂತಿಲ್ಲ, ಕಾರು ಗುದ್ದಿಸುವಂತಿಲ್ಲ. ಸುತ್ತ ನೋಡಬೇಕು, ಬಿದ್ದದ್ದನ್ನು ಎತ್ತಿಕೊಳ್ಳಬೇಕು, ಸಿಕ್ಕವರನ್ನು ಮಾತಾಡಿಸಬೇಕು. ಅಷ್ಟೆ. ಕಣ್ಣು ಬಿಟ್ಟು ನೋಡಿದವನು, ಬಾಯಿ ಬಿಟ್ಟು ವಿಚಾರಿಸಿದವನು ಗೆಲ್ಲುವ ಜಾಗ ಲೋಕದಲ್ಲಿ ಎಷ್ಟಿವೆ ಹೇಳಿ? ನಿಮ್ಮ ಕಚೇರಿಯಲ್ಲಿ ಆ ನಿಯಮವಿದೆಯೇ? ಇಂಥ ಆಟದಲ್ಲೇ ಹತ್ತು ವರ್ಷ ಮುಳುಗಿದ್ದೂ ಒಬ್ಬ ಮನುಷ್ಯ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಎದ್ದು ಬರಬಲ್ಲ ಎನ್ನುವುದು ಆಟದ ದೋಷವಲ್ಲ. ಉನ್ನತ ಶಿಕ್ಷಣದ ಸಾಧನೆ.

ಸಾಹಸಿ ಆರಿಸಿಕೊಂಡ ಆಟದಲ್ಲಿ ಒಂದು ದ್ವೀಪ, ದ್ವೀಪದಲ್ಲೊಂದು ದೀಪಸ್ತಂಭ. ದೀಪ ಆರಿದೆ. ಹಡಗೊಂದು ಬಂಡೆಗಳ ಕಡೆಗೆ ಬರುತ್ತಿದೆ. ಮೇಲೆ ಹೋಗಿ ದೀಪ ಹಚ್ಚಬೇಕು. ಮೆಟ್ಟಿಲ ತುದಿಯ ಬಾಗಿಲಿಗೆ ಬೀಗ. ಹಡಗು ಬರುತ್ತಲೇ ಇರುತ್ತದೆ, ಆದರೆ ಬಂಡೆಗೆ ಬಡಿಯುವುದಿಲ್ಲ. ನೀವು ಊಟ ಮಾಡಿ ಬನ್ನಿ, ಮಲಗಿ ಎದ್ದು ಬನ್ನಿ, ಮದುವೆಯಾಗಿ ಬನ್ನಿ, ಹಡಗು ಪಾಪ ಅಲ್ಲೇ ಬರುತ್ತಾ ಇರುತ್ತದೆ. ವಿದ್ಯಾರ್ಥಿ ಜೀವಕ್ಕೆ ಇಂಥ ಲೋಕವೆಂದರೆ ಪಂಚಪ್ರಾಣ. ತಮ್ಮ ಒಂದು ಕ್ಲಿಕ್ಕಿಗಾಗಿ ಸೃಷ್ಟಿಯೆಲ್ಲ ಉಸಿರು ಬಿಗಿ ಹಿಡಿದು ಕಾದಿದೆ ಎಂದು ನಂಬಿಕೊಂಡೇ ಅವರು ಬೆಳಿಗ್ಗೆ ಏಳುವುದು. ಅದೂ ಹನ್ನೊಂದಕ್ಕೆ.

ಆ ಬಾಗಿಲು ಸಾಹಸಿಗೆ ಜಗ್ಗಲಿಲ್ಲ. ದೋಣಿಯ ಮುರಿದ ಹುಟ್ಟಿನಿಂದ ಮೀಟಿದ, ಬೆಣ್ಣೆ ಸವರಿದ, ಸತ್ತ ಏಡಿಯ ಕಾಲನ್ನು ಬೀಗಕ್ಕೆ ತುರುಕಿದ, ಬಾಗಿಲಿಗೆ ಪಿಟೀಲು ನುಡಿಸಿ ತೋರಿಸಿದ. ಉತ್ತರ ಇಂಟರ್ನೆಟ್ಟಿನಲ್ಲಿ ಧಾರಾಳವಾಗಿ ಬಿದ್ದಿತ್ತು. ಆದರೆ ಸಾಹಸ ಆಟದ ಕಟ್ಟಾ ಅಭಿಮಾನಿಗಳಿಗೆ ಒಂದು ಮಡಿ ಉಂಟು: ಯಾರಿಂದಲೂ ಸುಳಿವು ಪಡೆಯಬಾರದು, ಕೊನೆಯನ್ನು ಯಾರ ಬಾಯಿಂದಲೂ ಕೇಳಬಾರದು. ಆಟದೊಳಗೆ ಗಿಳಿಯನ್ನು ಕೇಳುತ್ತಾರೆ, ಗೋರಿ ಅಗೆಯುವವನನ್ನು ಕೇಳುತ್ತಾರೆ, ಕಲ್ಲಿನ ವಿಗ್ರಹವನ್ನೂ ಬಿಡದೆ ಕೇಳುತ್ತಾರೆ. ಆಟದ ಹೊರಗೆ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಹೆಂಡತಿಯನ್ನು ಕೇಳಿದರೆ ಮಾನ ಹೋಗುತ್ತದೆ.

ಕೊನೆಗೆ ಸಾಹಸಿ ವಿದ್ಯಾವಂತರು ಮಾಡುವುದನ್ನೇ ಮಾಡಿದ. ತನ್ನ ಕೈಲಾಗದ್ದನ್ನು ಸಿದ್ಧಾಂತ ಮಾಡಿದ. 'ತೆರೆಯದ ಬಾಗಿಲು: ಅಂತ್ಯರಹಿತ ಕಥನದ ತಾತ್ವಿಕ ನೆಲೆಗಳು' ಎಂದು ಥೀಸಿಸ್ಸಿಗೆ ಹೆಸರಿಟ್ಟ. ಆ ಬಾಗಿಲು ತೆರೆಯುವುದೇ ಇಲ್ಲ, ಬದುಕಿನ ಪ್ರಶ್ನೆಗಳಿಗೆ ಉತ್ತರವೇ ಇಲ್ಲ ಎನ್ನುವುದು ಆಟದ ಪರಮ ದರ್ಶನ, ಎಂದು ಇಟ್ಟಿಗೆ ಗಾತ್ರಕ್ಕೆ ಬರೆದ. ಅವನ ಮಾರ್ಗದರ್ಶಕರು ಎದುರಿನವರು ಏನೆಂದರೂ "ಹೌದ್ಹೌದು" ಅನ್ನುವವರು; ಹುಡುಗರ ಬಾಯಲ್ಲಿ ಅವರ ಹೆಸರೇ ಹೌದ್ಹೌದು ಸರ್. ಅವರು ಇದಕ್ಕೂ ಹೌದ್ಹೌದು ಎಂದು ಸಹಿ ಹಾಕಿದರು.

ಪರೀಕ್ಷೆಗೆ ಹೊಸ ಮುಖ ಬೇಕೆಂದು ಸಾಹಸಿ ಒಂದು ಭಾನುವಾರ ಕ್ಷೌರಕ್ಕೆ ಹೋದ. ಮೇಜಿನ ಬಳಿಯ ಕುರ್ಚಿ ಖಾಲಿ. ಹೆಂಡತಿ ಅಪರೂಪಕ್ಕೆ ತಟ್ಟೆ ಹಿಡಿದು ಕೂತಳು. ಎದುರಿಗೆ ಆಟ ತೆರೆದೇ ಇತ್ತು. ಬಲಗೈಯಲ್ಲಿ ಊಟ, ಎಡಗೈಯಲ್ಲಿ ಅದೇ ಆಟವನ್ನು ಮೊದಲಿನಿಂದ ಶುರುಮಾಡಿ ನೋಡಿದಳು. ಸಾಹಸಿ ಕ್ಷೌರ ಮುಗಿಸಿ, ದಾರಿಯಲ್ಲಿ ಇನ್ನೊಬ್ಬ ಖಾಯಂ ವಿದ್ಯಾರ್ಥಿಯ ಜೊತೆ ಕಥನಕಲೆ ಚರ್ಚಿಸಿ, ಸಂಜೆ ಹೊತ್ತಿಗೆ ಮನೆಗೆ ಬಂದಾಗ ಅವಳು ತಟ್ಟೆ ತೊಳೆಯುತ್ತಿದ್ದಳು.

"ರೀ, ನಿಮ್ಮ ಆಟದಲ್ಲಿ ಕೆಳಗಿನ ಮೆಟ್ಟಿಲ ಮೇಲೆ ಒಬ್ಬಳು ಹೆಂಗಸು ಗಾಜು ಒರೆಸ್ತಾ ಕೂತಿದಾಳಲ್ಲ…"

"ಶ್! ಒಂದಕ್ಷರ ಆಡ್ಬೇಡ!"

"ಅಯ್ಯೋ, ಪೂರ್ತಿ ಕೇಳಿ. ಅವಳು…"

"ಸುಳಿವು ಕೊಡೋದು ಅಂದ್ರೆ ಕೊಲೆ ಮಾಡ್ದಂಗೆ ಕಣೇ! ಅದೂ ಅಲ್ದೆ ಅವಳು ಬರೀ ಅಲಂಕಾರಕ್ಕಿರೋ ಪಾತ್ರ. ನಾಲ್ಕನೇ ಅಧ್ಯಾಯದಲ್ಲಿ ಬರ್ದಿದೀನಿ."

"ಅಲಂಕಾರಕ್ಕೆ ಯಾರಾದ್ರೂ ಗಾಜು ಒರೆಸ್ತಾರೇನ್ರೀ?"

ಸಾಹಸಿ ಬಚ್ಚಲಿಗೆ ಓಡಿ ಚಿಲಕ ಹಾಕಿ ನಲ್ಲಿ ತಿರುಗಿಸಿದ. ಬಕೆಟ್ ತುಂಬಿ ಹರಿಯಿತು. ಹೆಂಡತಿ ಬಾಗಿಲ ಹೊರಗೆ ನಿಂತು, "ಸರಿ ಬಿಡಿ, ನೀರಾದ್ರೂ ಉಳೀಲಿ" ಎಂದು ಹೋದಳು.

ಮೌಖಿಕ ಪರೀಕ್ಷೆ ಬಹಿರಂಗ ಪರೀಕ್ಷೆ. ಯಾರು ಬೇಕಾದರೂ ಬರಬಹುದು, ಹಾಗಾಗಿ ಯಾರೂ ಬರುವುದಿಲ್ಲ. ಹೆಂಡತಿ ಅರ್ಧ ದಿನ ರಜೆ ಹಾಕಿ, ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಳು. ಅವಳ ಪಾಲಿಗೆ ಅದು ಗಂಡನ ಪರೀಕ್ಷೆ ಮಾತ್ರವಲ್ಲ. ಅವನು ದಾಟಿದರೆ ನಾಳೆಯಿಂದ ಮೇಜು ಅವಳದು, ಕೋರ್ಸು ಅವಳದು.

ಸಾಹಸಿ ಹೊಸ ಶರ್ಟು ತೊಟ್ಟು, ಪ್ರೊಜೆಕ್ಟರಿನಿಂದ ದೊಡ್ಡ ಪರದೆಯ ಮೇಲೆ ಆಟ ಮೂಡಿಸಿ, ಬಾಗಿಲ ಮೇಲೆ ಟಕ್ ಟಕ್ ಎಂದು ಕ್ಲಿಕ್ಕಿಸಿ ತೋರಿಸಿದ. "ನೋಡಿ, ತೆರೆಯುವುದಿಲ್ಲ. ಇದು ಆಧುನಿಕ ಮನುಷ್ಯನ ಮುಂದಿನ ಶಾಶ್ವತ ಬಾಗಿಲು."

ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡ್ಡ ನೀವಿಕೊಂಡರು. ಅವರ ಮುಖದ ಮೇಲೆ ಎಂಥದೋ ನೆಮ್ಮದಿ. (ಅವರೂ ಅದೇ ಬಾಗಿಲಿನ ಮುಂದೆ ಎರಡು ಬೇಸಿಗೆ ರಜೆ ಕಳೆದವರೆಂದು ಆಮೇಲೆ ತಿಳಿಯಿತು. ತಮ್ಮ ದಡ್ಡತನಕ್ಕೆ ಇಷ್ಟು ದೊಡ್ಡ ತತ್ವದ ಹೆಸರು ಸಿಕ್ಕಿದರೆ ಯಾರಿಗೆ ಬೇಡ?) "ಅದ್ಭುತ ಒಳನೋಟ!" ಎಂದರು.

"ಹೌದ್ಹೌದು" ಎಂದರು ಹೌದ್ಹೌದು ಸರ್.

"ಸಭಿಕರಿಂದ ಏನಾದರೂ?" ಎಂದು ಪರೀಕ್ಷಕರು ಎದ್ದು ನಿಂತೇ ಕೇಳಿದರು. ಅದು ಕುರ್ಚಿ ಹಿಂದೆ ತಳ್ಳುವಾಗ ಆಡುವ ಮಾತು. ಅದನ್ನು ನಿಜವಾದ ಪ್ರಶ್ನೆಯೆಂದು ತಿಳಿದವಳು ಆ ಕಟ್ಟಡದ ಚರಿತ್ರೆಯಲ್ಲೇ ಅವಳೊಬ್ಬಳು.

"ಸರ್, ಆ ಬಾಗಿಲು ತೆಗೆಯುತ್ತೆ" ಎಂದಳು.

ಸಾಹಸಿಯ ಮುಖ ಅವಳು ಲ್ಯಾಬಿನಲ್ಲಿ ಕಲಸುವ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತು. "ಅವ್ರು ನಮ್ಮ ಮನೆಯವ್ರು ಸರ್. ಈ ಕ್ಷೇತ್ರದವರಲ್ಲ."

"ಏನಮ್ಮಾ ಮಾಡ್ಬೇಕು ಅದಕ್ಕೆ?" ಪರೀಕ್ಷಕರು ಆಗಲೇ ಮೇಜಿನ ಮೇಲೆ ಬಾಗಿದ್ದರು.

"ಏನಿಲ್ಲ ಸರ್. ಕೆಳಗೆ ಹೋಗಿ ಆ ಹೆಂಗಸನ್ನ ಇನ್ನೊಂದ್ಸಲ ಮಾತಾಡಿಸ್ಬೇಕು. ಮೊದಲನೇ ಸಲ 'ಕೆಲಸದಲ್ಲಿದೀನಿ, ಆಮೇಲೆ ಬಾ' ಅಂತಾಳೆ. ನಾನು ದ್ವೀಪ ಒಂದು ಸುತ್ತು ಹಾಕಿ ಆಮೇಲೆ ಹೋದೆ."

"ಅಷ್ಟೇನಾ?"

"ಆಮೇಲೆ ಬಾ ಅಂದ್ಲಲ್ಲ ಸರ್."

ಪರೀಕ್ಷಕರೇ ಮೌಸ್ ಹಿಡಿದರು. ಪರದೆಯ ಮನುಷ್ಯ ದಡದಡ ಮೆಟ್ಟಿಲಿಳಿದು ಗಾಜು ಒರೆಸುವವಳ ಎದುರು ನಿಂತ. ಅವಳು ಬಟ್ಟೆ ಕೆಳಗಿಟ್ಟಳು. "ಬಂದೆಯಾ? ನನ್ನ ಕೆಲಸ ಮುಗಿದು ಎಷ್ಟು ಹೊತ್ತಾಯಿತು! ಮೇಲಿನ ಬೀಗದ ಕೈ ನನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಇರುತ್ತದೆ? ತಗೋ" ಎಂದಳು.

ಇಲ್ಲಿ ಸಾಹಸಿ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದ. 'ಇದು ಹೊಸ ಆವೃತ್ತಿ' ಎನ್ನಬಹುದಿತ್ತು, 'ನಾನು ಹೇಳಿದ್ದು ಸಾಂಕೇತಿಕ ಬಾಗಿಲು' ಎನ್ನಬಹುದಿತ್ತು. ಇದಕ್ಕಿಂತ ತೆಳುವಾದ ನೆಪಗಳ ಮೇಲೆ ಎಷ್ಟೋ ಪ್ರೊಫೆಸರುಗಳು ನಿವೃತ್ತಿಯ ತನಕ ಕೂತಿದ್ದಾರೆ. ಆದರೆ ಬೀಗದ ಕೈ ತಿರುಗಿ, ಬಾಗಿಲು ಕಿರ್ರೆಂದು ಒಂದಿಷ್ಟು ತೆರೆದು ಬೆಳಕು ಕಂಡದ್ದೇ ತಡ, ಅಭಿಮಾನಿಯ ರಕ್ತ ಕುದಿಯಿತು. ಅವನು ಪರದೆಗೆ ಅಡ್ಡ ಹಾರಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಎರಡೂ ಕೈ ಚಾಚಿ ಅರಚಿದ.

"ನಿಲ್ಸಿ! ತೋರಿಸ್ಬೇಡಿ! ನಾನಿನ್ನೂ ಅಲ್ಲಿ ತನಕ ಬಂದಿಲ್ಲ!"

ಅವನೇ ಅಂತ್ಯವಿಲ್ಲವೆಂದು ಸಾರಿದ ಆಟದ ಅಂತ್ಯ ಅವನ ಹೊಸ ಶರ್ಟಿನ ಮೇಲೆ ಸಾಂಗವಾಗಿ ನಡೆಯಿತು. ಎದೆಯ ಮೇಲೆ ದೀಪ ಹೊತ್ತಿತು, ಹೊಟ್ಟೆಯ ಮೇಲೆ ಹಡಗು ತಿರುಗಿತು. ಎಲ್ಲರೂ ನೋಡಿದರು, ಅವನೊಬ್ಬನನ್ನು ಬಿಟ್ಟು.

ಪರೀಕ್ಷಕರು ಸಿಟ್ಟಾಗಲಿಲ್ಲ. ಎರಡು ಬೇಸಿಗೆಯ ಭಾರ ಇಳಿದವರಂತೆ ಹಗುರಾಗಿದ್ದರು. ಹೊರಗೆ ವರಾಂಡದಲ್ಲಿ ಹೆಂಡತಿಯ ಬೆನ್ನು ಹತ್ತಿದರು. "ಹಡಗಿನಿಂದ ಇಳಿದೋರು ಯಾರಮ್ಮಾ? ಶರ್ಟಿನ ಜೇಬಿನ ಹತ್ರ ಸರಿಯಾಗಿ ಕಾಣ್ಲಿಲ್ಲ." ಅವಳು ಹೇಳುತ್ತಾ ನಡೆದಳು. ಆ ಪಕ್ಕ ಪರೀಕ್ಷಕರು, ಈ ಪಕ್ಕ ಹೌದ್ಹೌದು ಸರ್, ಇಬ್ಬರೂ ಅಜ್ಜಿಯ ಕಥೆ ಕೇಳುವ ಮಕ್ಕಳ ಹಾಗೆ ಅವಳ ಬಾಯನ್ನೇ ನೋಡುತ್ತಾ. ಅಷ್ಟು ಹಿಂದೆ ಸಾಹಸಿ, ಎರಡೂ ಕಿವಿಗೆ ಬೆರಳು ತುರುಕಿಕೊಂಡು. ಮಾನ ಹೋದರೂ ಮಡಿ ಹೋಗಬಾರದಲ್ಲ!

ಕಾರಿನ ಹತ್ತಿರ ಪರೀಕ್ಷಕರು ಹಿಂದೆ ತಿರುಗಿದರು. "ನೋಡಪ್ಪಾ, ಮಿಕ್ಕ ಅಧ್ಯಾಯಗಳು ಪರವಾಗಿಲ್ಲ. ಆಟ ಮುಗಿಸಿ ಕೊನೇದೊಂದು ತಿದ್ದಿಕೊಡು. ಷರತ್ತಿನ ಮೇಲೆ ಪಾಸು ಅಂತ ಇವತ್ತೇ ಬರೆದ್ಬಿಡ್ತೀನಿ. ಆಗುತ್ತಾ?"

ಸಾಹಸಿಗೆ ಕಂಡದ್ದು ಅಲುಗುವ ಗಡ್ಡ ಮಾತ್ರ. ಹಡಗಿನ ಸುದ್ದಿ ತನಗೂ ಹೇಳಲು ಬಂದರು ಎಂದುಕೊಂಡು ತಲೆಯನ್ನು ರಪರಪ ಆಡಿಸಿದ. "ಬೇಡ ಸರ್! ದಯವಿಟ್ಟು ಬೇಡ! ನನಗೆ ಬೇಕಾಗಿಲ್ಲ!"

"ಇಲ್ಲ ಇಲ್ಲ!" ಎಂದು ಹೌದ್ಹೌದು ಸರ್ ಹುಟ್ಟಿದ ಮೇಲೆ ಮೊದಲ ಬಾರಿಗೆ ಕೂಗಿದರು. ಹೆಂಡತಿ ಓಡಿ ಬಂದು ಅವನ ಮೊಣಕೈ ಜಗ್ಗಿದಳು. ಅವನು ಬೆರಳನ್ನು ಇನ್ನೂ ಒಳಕ್ಕೆ ಒತ್ತಿದ.

"ಬೇಡ ಅನ್ನೋನಿಗೆ ಬಲವಂತ ಯಾಕೆ. ಒಪ್ಪಬೇಕಾದ ನಿಷ್ಠೆ" ಎಂದು ಪರೀಕ್ಷಕರು ಕೈ ಮುಗಿದು ಕಾರು ಹತ್ತಿದರು.

ಕಾರು ಗೇಟು ದಾಟಿದ ಮೇಲೆ ಸಾಹಸಿ ಬೆರಳು ತೆಗೆದ. "ಹೋದ್ರಾ? ಹೇಳೋದೆಲ್ಲಾ ಮುಗೀತಾ?"

"ಮುಗೀತು" ಎಂದಳು ಹೆಂಡತಿ. "ನಿಮ್ಮನ್ನ ಪಾಸು ಮಾಡ್ತೀನಿ ಅಂದ್ರು. ನೀವು ಬೇಡ ಅಂದ್ರಿ."

ಸಾಹಸಿ ನಿಂತಲ್ಲೇ ಕೂತ. ಹೆಂಡತಿ ಕೂರಲಿಲ್ಲ. ಪಾಸೋ ಫೇಲೋ, ಮನೆಯ ಒಬ್ಬ ವಿದ್ಯಾರ್ಥಿಯ ಸರದಿ ಮುಗಿದಿತ್ತು. ಕೋರ್ಸಿನ ಕಚೇರಿ ಐದಕ್ಕೆ ಮುಚ್ಚುತ್ತದೆಂದು ವಿಚಾರಿಸಿಕೊಂಡೇ ಬಂದಿದ್ದಳು. ಬಸ್ಸು ಬಂತು, ಹತ್ತಿದಳು. ಅಂದು ಸಂಜೆ ಮೇಜಿನ ಮೇಲಿದ್ದ ಥೀಸಿಸ್ಸು ನೆಲಕ್ಕಿಳಿಯಿತು.

ನಕ್ಕಿರಿ ತಾನೇ? ನಗುವುದಕ್ಕೆ ನಿಮಗೇನು ಕಷ್ಟ! ನಿಮ್ಮ ಮನೆಯ ಆಚೆ ಕೋಣೆಯಲ್ಲೂ ಒಬ್ಬರಿದ್ದಾರೆ. ಮೊನ್ನೆ ಏನೋ ಹೇಳಲು ಬಾಯಿ ತೆರೆದರು. ನೀವು ಅರ್ಧಕ್ಕೇ ತಡೆದಿರಿ, ನನಗೆ ಗೊತ್ತು ಬಿಡು ಎಂದಿರಿ. ನಿಮಗೆ ಗೊತ್ತಿರಲಿಲ್ಲ. ಈ ಪುಟ ಮಡಿಚಿಡಿ. ಎದ್ದು ಹೋಗಿ, ಅವತ್ತು ಹೇಳಲು ಬಂದದ್ದು ಏನೆಂದು ಕೇಳಿ. ಅವರ ಮಾತು ಪೂರ್ತಿ ಮುಗಿಯುವ ತನಕ ಬಾಯಿ ತೆರೆಯಬೇಡಿ. ಇನ್ನೂ ಕೂತಿದ್ದೀರಲ್ಲ, ಏಳಿ!