ಅಣಬೆ ಶೆಡ್ಡಿನ ಗುಪ್ತ ಗಾಳಿಕೊಳವೆ

"ತಿಂಗಳೊಳಗೆ ಬುಟ್ಟಿ ತುಂಬಾ ಅಣಬೆ ಬೆಳೆದು ಅವಳ ಮುಂದೆ ದೊಪ್ಪಂತ ಇಡದಿದ್ರೆ ನಾನು ವಾಚ್ ಮೇಷ್ಟ್ರೇ ಅಲ್ಲ!"

ಹಿತ್ತಲ ಶೆಡ್ಡಿನ ಬಾಗಿಲು ಹಾಕಿಕೊಂಡು, ಕೇಳುವವರು ಯಾರೂ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಮೇಷ್ಟ್ರು ಈ ಭೀಷ್ಮಪ್ರತಿಜ್ಞೆ ಮಾಡಿದರು. ಮೇಷ್ಟ್ರು ಅಂದರೆ ಶಾಲೆಯವರಲ್ಲ, ಮೂವತ್ತು ವರ್ಷದಿಂದ ವಾಚು ರಿಪೇರಿ ಮಾಡುವವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಸಾಸಿವೆಯಷ್ಟು ಚಕ್ರದಲ್ಲೂ ತಪ್ಪು ಹುಡುಕಿಬಿಡುತ್ತಾರೆ. ತೊಂದರೆ ಏನೆಂದರೆ, ಮುಚ್ಚಿದ್ದು ಏನೇ ಕಂಡರೂ ಅವರಿಗೆ ಬಿಚ್ಚಿ ನೋಡಲೇಬೇಕು! ಆ ಶೆಡ್ಡಿನಲ್ಲಿ ಹಿಂದೆ ಜೇನು ಸಾಕಿದರು. ದಿನಕ್ಕೆ ಐದು ಸಲ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದರು. ಒಂದು ದಿನ ಆರನೆಯ ಸಲ ಎತ್ತಿದಾಗ ಜೇನು ಗಂಟುಮೂಟೆ ಕಟ್ಟಿ ಹೊರಟೇಹೋಗಿತ್ತು. ಆಮೇಲೆ ಗೌಜಲ ಹಕ್ಕಿ ಸಾಕಿದರು. ಮರಿ ಎಲ್ಲಿಗೆ ಬಂತೆಂದು ಮೊಟ್ಟೆಗಳನ್ನು ಗಂಟೆಗೊಮ್ಮೆ ದೀಪಕ್ಕೆ ಹಿಡಿದು ಹಿಡಿದು, ಕೊನೆಗೆ ಉಳಿದದ್ದು ಕೊಳೆತ ನಾತ ಮತ್ತು ಪಕ್ಕದ ಮನೆಯವರ ಜಗಳ.

ಪ್ರತಿಜ್ಞೆಯ ದಿನ ಬೆಳಿಗ್ಗೆಯಷ್ಟೇ ಹೆಂಡತಿ ಷರತ್ತು ಹಾಕಿದ್ದರು. ಆಕೆ ಶಾಲೆಯ ಯೂನಿಫಾರಂ ಹೊಲಿಯುವವರು. ಮಷೀನು ನಡುಮನೆಯಲ್ಲಿ, ಬಟ್ಟೆಯ ಗಂಟು ಮಂಚದ ಮೇಲೆ, ಗಂಡ ಹೆಂಡತಿ ಮಂಚದ ಅಂಚಿನಲ್ಲಿ!

"ಈ ತಿಂಗಳ ಕೊನೆ ತನಕ ಟೈಮ್ ಕೊಡ್ತೀನಿ. ಆ ಶೆಡ್ಡಿಂದ ಉಪಯೋಗಕ್ಕೆ ಬರೋ ಒಂದೇ ಒಂದು ಪದಾರ್ಥ ಹೊರಗೆ ಬರಲಿ ನೋಡೋಣ. ಇಲ್ಲಾಂದ್ರೆ ಬೀಗದಕೈ ನನಗೆ, ಮಷೀನು ಶೆಡ್ಡಿಗೆ! ಮತ್ತೊಂದು ಸಲ ವಾಸನೆ ಏನಾದ್ರೂ ಬಂತೋ, ಆವತ್ತೇ ಖಾಲಿ ಮಾಡಿಸ್ತೀನಿ!"

ಮೇಷ್ಟ್ರಿಗೆ ಶೆಡ್ಡೆಂದರೆ ಪ್ರಾಣ. ಇಡೀ ಮನೆಯಲ್ಲಿ ಅವರ ಮಾತು ನಡೆಯುವ ಜಾಗ ಅದೊಂದೇ, ಪಾಪ.

ಎಂಟು ಚೀಲಕ್ಕೆ ನೆನೆಸಿದ ಹುಲ್ಲು ತುಂಬಿ, ಅಣಬೆ ಬೀಜ ಉದುರಿಸಿ, ಸಾಲಾಗಿ ತೂಗುಹಾಕಿದರು. ಎರಡೇ ದಿನಕ್ಕೆ ಹುಲ್ಲು ಹುಳಿ ನಾತ ಬಿಟ್ಟಿತು. ಅಣಬೆಗೂ ಹೊಸ ಗಾಳಿ ಬೇಕು. ಕಿಟಕಿ ತೆರೆದರೆ ಪಕ್ಕದ ಮನೆ, ಬಾಗಿಲು ತೆರೆದರೆ ಹೆಂಡತಿ! ಅತ್ತ ದರಿ, ಇತ್ತ ಪುಲಿ.

ಆಗ ಕಣ್ಣಿಗೆ ಬಿತ್ತು, ಗೋಡೆಯ ಬುಡದಲ್ಲಿದ್ದ ಹಳೆಯ ಕೊಳವೆ! ಶೆಡ್ಡು ಬಟ್ಟೆ ಒಗೆಯುವ ಜಾಗವಾಗಿದ್ದ ಕಾಲದ್ದು. ನೆಲದೊಳಗೇ ಹೋಗಿ ಹೊರಗಿನ ಚರಂಡಿಗೆ ಸೇರುತ್ತದೆಂದು ಮೇಷ್ಟ್ರ ಅಚಲ ನಂಬಿಕೆ. ವಾಸನೆ ಸೋಸಲೆಂದು, ಬೀಜ ಬೆರೆಸಿ ಮಿಕ್ಕಿದ್ದ ಹುಲ್ಲನ್ನೇ ಗೋಣಿ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಉದ್ದ ಕೋಲಿನಿಂದ ಆಚೆ ತುದಿಯವರೆಗೂ ತಳ್ಳಿದರು. ಈಚೆ ಬಾಯಿಗೆ ಹಳೆಯ ಕಂಪ್ಯೂಟರಿನ ಫ್ಯಾನು ಕೂರಿಸಿದರು. ಸದ್ದಾಗಬಾರದೆಂದು ಅದಕ್ಕೆ ವಾಚಿನ ಎಣ್ಣೆ! ಫ್ಯಾನು ಬೆಕ್ಕಿನಂತೆ ಮೆತ್ತಗೆ ತಿರುಗಿತು. "ಈ ತಲೆಗೆ ಸಾಟಿಯಿಲ್ಲ" ಎಂದು ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು.

ಮರುದಿನ ಬೆಳಿಗ್ಗೆ ಹೆಂಡತಿ ಕರೆದರು.

"ರೀ, ಅಡುಗೆಮನೇಲಿ ಏನೋ ಹುಳಿ ವಾಸನೆ ಬರ್ತಿದೆಯಲ್ಲಾ?"

ವಾಸನೆ ಮೇಷ್ಟ್ರ ಮೂಗಿಗೂ ರಪ್ಪನೆ ಬಡಿಯಿತು. ಹಿಂದೆಯೇ ನೆನಪೂ ಬಡಿಯಿತು. ಆ ಕೊಳವೆ ಹೊರಟಿದ್ದೇ ಸಿಂಕಿನ ಬುಡದಿಂದ! ಹತ್ತು ವರ್ಷದ ಹಿಂದೆ ಸಿಂಕಿನ ನೀರನ್ನು ಬೇರೆ ಕಡೆಗೆ ತಿರುಗಿಸಿ, ಹಳೆಯ ಕೊಳವೆಯ ಬಾಯಿಯನ್ನು ಕೆಳಗಿನ ಕಪಾಟಿನೊಳಗೆ ಹಾಗೇ ಬಿಟ್ಟ ಮಹಾನುಭಾವರು ಯಾರು? "ಪ್ಲಂಬರ್ ಯಾಕೆ, ನಾನಿಲ್ವಾ?" ಎಂದು ಎದೆ ತಟ್ಟಿಕೊಂಡ ಇವರೇ!

"ವಾಸನೆನಾ? ನನಗೇನೂ ಬರ್ತಿಲ್ಲಪ್ಪ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫ್ಯಾನು ನಿಲ್ಲಿಸಿದರೆ ಅಣಬೆ ಉಸಿರುಕಟ್ಟುತ್ತದೆ, ನಡೆಸಿದರೆ ಮೇಷ್ಟ್ರು! ಕಪಾಟಿನ ಹತ್ತಿರ ಸುಳಿದರೆ ಸಾಕು, ಮಷೀನಿನ ಹಿಂದಿನಿಂದ "ಏನು ಬೇಕಿತ್ತು?" ಎಂಬ ಪ್ರಶ್ನೆ. ಹೀಗಾಗಿ ದಿನವೂ ಅದೇ ಸುಳ್ಳು. ಒಂದು ದಿನ ಪಕ್ಕದಲ್ಲೇ ಹಾಲು ಉಕ್ಕಿ ಸೀದು ಕರಕಲಾದರೂ, ವಾಸನೆ ಬರದವರಂತೆ ಪೇಪರ್ ಓದುತ್ತಾ ಕೂತರು.

"ಅಯ್ಯೋ, ನಿಮ್ಮ ಮೂಗು ಪೂರ್ತಿ ಹೋಗಿದೆ ಕಣ್ರೀ! ನಡೀರಿ ಡಾಕ್ಟರ ಹತ್ರ!"

ಮೂಗಿನ ಡಾಕ್ಟರು ಕಾಫಿಪುಡಿ ಹಿಡಿದರು, ಜಜ್ಜಿದ ಬೆಳ್ಳುಳ್ಳಿ ಹಿಡಿದರು, ಕೊನೆಗೆ ಎಂಥದೋ ಘಾಟು ಸೀಸೆ ಹಿಡಿದರು. ಮೇಷ್ಟ್ರ ಕಣ್ಣಲ್ಲಿ ಧಾರಾಕಾರ ನೀರು.

"ಏನಾದ್ರೂ ಗೊತ್ತಾಯ್ತಾ?"

"ಊಹೂಂ!"

ಡಾಕ್ಟರು ಹೆಂಡತಿಯನ್ನು ಒಳಗೆ ಕರೆದು ಏನೋ ಹೇಳಿ ಕಳಿಸಿದರು. ಅಂದಿನಿಂದ ಗಂಟೆಗೊಮ್ಮೆ ಮೂಗಿಗೆ ಐದೈದು ಹನಿ ಔಷಧಿ! ಗಿರಾಕಿ ಮುಂದೆ ನಿಂತಿದ್ದರೂ ಬಿಡದೆ, ಆಕೆ ವಾಚಿನ ಅಂಗಡಿಗೇ ಬಂದು, ತಲೆ ಹಿಂದಕ್ಕೆ ಬಗ್ಗಿಸಿ ಹಾಕಿ ಹೋಗುತ್ತಿದ್ದರು.

ಎಲ್ಲ ಅಣಬೆಗಾಗಿ ಎಂದು ಮೇಷ್ಟ್ರು ಹಲ್ಲು ಕಚ್ಚಿ ಸಹಿಸಿದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚೀಲದ ಬಾಯಿ ಬಿಚ್ಚಿ, ಭೂತಗನ್ನಡಿ ಸಿಕ್ಕಿಸಿ, ಬೆರಳು ಹಾಕಿ ಕೆದಕಿ ನೋಡಿದ್ದೇ ನೋಡಿದ್ದು. ತಿಂಗಳ ಕೊನೆಯ ದಿನ ನೋಡಿದರೆ ಎಂಟಕ್ಕೆ ಎಂಟೂ ಚೀಲ ಹಸಿರು ಬೂಷ್ಟು! ಅಣಬೆಯ ಸುಳಿವೇ ಇಲ್ಲ. ಮೇಷ್ಟ್ರಿಗೆ ನಿಜವಾಗಿಯೂ ಅಳು ಬಂತು. ಬೀಗದಕೈ ಹಿಡಿದು ಕಾಲೆಳೆದುಕೊಂಡು ಒಳಗೆ ಬಂದರು.

"ತಗೋ ಮಹಾತಾಯಿ. ಸೋತೆ."

ಹೆಂಡತಿ ಕೈ ಚಾಚಲಿಲ್ಲ. "ಇಲ್ಲಿ ಬನ್ನಿ" ಎಂದು ಸಿಂಕಿನ ಕೆಳಗಿನ ಕಪಾಟು ತೆರೆದರು. ಒಳಗೆ, ಕೊಳವೆಯ ಬಾಯಿಯಿಂದ ಹೊರಚಾಚಿ, ಗೊಂಚಲು ಗೊಂಚಲಾಗಿ, ಬೋಗುಣಿಯಷ್ಟಗಲ ಬೆಳ್ಳಗೆ ಅರಳಿ ನಿಂತಿತ್ತು ಅಣಬೆ!

ಮೇಷ್ಟ್ರ ಎದೆ ಉಬ್ಬಿತು, ಬೀಗದಕೈ ಮೆಲ್ಲಗೆ ಜೇಬಿನ ಕಡೆ ಹೊರಟಿತು.

"ನೋಡಿದ್ಯಾ! ಬೀಜ ನಂದು, ಹುಲ್ಲು ನಂದು, ಕೊಳವೆ ಶೆಡ್ಡಿಂದು! ಅಂದ್ಮೇಲೆ ಶೆಡ್ಡೂ ನಂದೇ!"

"ಇದನ್ನ ನೋಡ್ಕೊಂಡೋರು ಯಾರು?"

"ಯಾರೂ ಇಲ್ಲ!"

"ಅದಕ್ಕೇ ಬೆಳೀತು."

ಬೀಗದಕೈ ಜೇಬಿನಿಂದ ಹೊರಗೆ ಬಂದು ಹೆಂಡತಿಯ ಅಂಗೈ ಸೇರಿತು.

ಆಕೆ ಅಣಬೆ ಕುಯ್ದು, ತೊಳೆದು, ಬೆಣ್ಣೆ ಮೆಣಸು ಹಾಕಿ ಬಾಣಲೆಗೆ ಸುರಿದು ತಟ್ಟೆ ಮುಚ್ಚಿದರು. ಘಮ ಮನೆಯೆಲ್ಲ ಹಬ್ಬಿತು.

"ಆಹಾ! ಏನು ಘಮ, ಏನು ಘಮ!" ಎಂದು ಮೇಷ್ಟ್ರು ಮೈಮರೆತರು. ಮರುಕ್ಷಣವೇ ಮೂಗು ಮುಚ್ಚಿಕೊಂಡರು.

"ಮುಚ್ಕೋಬೇಡಿ. ಡಾಕ್ಟರು ಆವತ್ತೇ ಹೇಳಿದ್ರು, ಮೂಗಿಗೇನೂ ಆಗಿಲ್ಲ, ಬುರುಡೆ ಬಿಡ್ತಿದ್ದಾರೆ, ನಿಜ ಒಪ್ಕೊಳ್ಳೋ ತನಕ ಬರೀ ಉಪ್ಪುನೀರು ಬಿಡ್ತಾ ಇರಿ ಅಂತ!"

ಮೇಷ್ಟ್ರು ಪೆಚ್ಚಾಗಿ ಒಲೆಯ ಪಕ್ಕ ನಿಂತರು. ನಿಂತವರು ಸುಮ್ಮನಿರಬಾರದೇ? ಬೆಂದಿತೋ ಇಲ್ಲವೋ ನೋಡೋಣವೆಂದು ಮುಚ್ಚಿದ ತಟ್ಟೆಯ ಕಡೆ ಮೆಲ್ಲಗೆ ಕೈ ಚಾಚಿದರು.

ಸೌಟು ಫಟ್ಟೆಂದು ಬೆರಳ ಮೇಲೆ ಬಿತ್ತು.

"ಮುಟ್ಟಬೇಡಿ! ಇದೊಂದಾದ್ರೂ ನೆಟ್ಟಗಾಗಲಿ!"