ಖಂಡೆಪ್ಪನ ಕಾಲಿನ ಖಟಕಾ

ಹೊಲಿಗೆ ಮಿಷನ್ನಿನ ತುಳಿಹಲಗೆ ಕಿತ್ತದ್ದಕ್ಕೆ ಕಲಬುರಗಿಯ ಶಹಾಬಜಾರದ ಖಂಡೆಪ್ಪನ ಸಂಸಾರವೇ ಕಿತ್ತುಹೋಗಿತ್ತು.

ಮಿಷನ್ನು ಹೆಂಡತಿ ಶಂಕ್ರಮ್ಮನದು. ಮದುವೆಯಲ್ಲಿ ಮಾವ ಗುರುಲಿಂಗಪ್ಪ ಕೊಟ್ಟದ್ದು. ಖಂಡೆಪ್ಪ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವನು. ನೆಟ್ಟಗಿರುವ ವಸ್ತು ಕಂಡರೆ ಅವನ ಕೈ ತುರಿಸುತ್ತಿತ್ತು. ಮೊದಲು ಗೋಡೆ ಗಡಿಯಾರ ಬಿಚ್ಚಿದ, ಶಂಕ್ರಮ್ಮ ಸುಮ್ಮನಿದ್ದಳು. ಬಾಗಿಲ ಚಿಲಕ ಬಿಚ್ಚಿದ, ಬಾಗಿಲಿಗೆ ಬೀಸುಕಲ್ಲು ಅಡ್ಡ ಇಟ್ಟು ಮಲಗಿದಳು. ಮಿಷನ್ನಿಗೆ ಕೈ ಹಚ್ಚಿದ ದಿನ ಮಾತ್ರ ಗಂಟು ಕಟ್ಟಿಕೊಂಡು ಕಮಲಾಪುರದ ತವರಿಗೆ ಹೋಗಿಬಿಟ್ಟಳು.

ಇಷ್ಟಕ್ಕೆಲ್ಲ ಮೂಲ ಅಣವೀರಪ್ಪನ ನಾಟಕ ಕಂಪನಿ. ಅಣವೀರಪ್ಪ ಮುಂಬೈಯಿಂದ ಮೈಕಿನ ಡಬ್ಬಿ, ಎರಡು ಭೋಂಗಾ ಸ್ಪೀಕರು, ಮೂರು ಮೈಕು ತಂದಿದ್ದ. ತಂದ ಮೇಲೆ ಗೊತ್ತಾಯಿತು, ಡಬ್ಬಿಗೆ ಮೈಕು ಸಿಗಿಸುವ ತೂತು ಒಂದೇ ಒಂದು. ಒಂದೇ ಮೈಕಿಗೆ ರಾಜ, ರಾಣಿ, ಹಾಸ್ಯಗಾರ ಮೂವರೂ ಆಡಿನ ಮರಿಗಳ ಹಾಗೆ ಮುಗಿಬೀಳುತ್ತಿದ್ದರು. ಒಮ್ಮೆ ರಾಜನ ಕಿರೀಟ ರಾಣಿಯ ಜಡೆಗೆ ಸಿಕ್ಕು, ಜಡೆ ಕಳಚಿ, ರಾಣಿ ಗಂಡಸೆಂದು ಊರಿಗೆಲ್ಲ ಗೊತ್ತಾಯಿತು. ಆಗ ಖಂಡೆಪ್ಪ ಎದೆ ತಟ್ಟಿ ಹೇಳಿದ: "ಸಾವಕಾರ್ರೇ, ಮೂರೂ ಮೈಕು ತೂಗುಬಿಡ್ರಿ. ಕಾಲಿಲೆ ತುಳಿಯೂ ಒಂದು ಖಟಕಾ, ಅಂದ್ರ ಸ್ವಿಚ್ಚು, ಮಾಡಿಕೊಡ್ತೀನಿ. ಒಂದು ಸಲ ತುಳದ್ರ ರಾಜ, ಇನ್ನೊಂದು ಸಲ ತುಳದ್ರ ರಾಣಿ, ಮತ್ತೊಂದು ಸಲ ತುಳದ್ರ ಹಾಸ್ಯಗಾರ."

ಮಾಡಿಯೂ ಮಾಡಿದ. ಮಿಷನ್ನಿನ ತುಳಿಹಲಗೆ, ಗಡಿಯಾರದ ಹಲ್ಲುಚಕ್ರ, ಹಳೆ ಪೇಟಿಯ ಹಿತ್ತಾಳೆ ಪಟ್ಟಿ. ಯಾರ ಮೈಕು ನಡೆದಿದೆ ಅಂತ ತೋರಿಸಲಿಕ್ಕೆ ಗಡಿಯಾರದ ಮುಳ್ಳನ್ನೂ ಸಿಗಿಸಿದ. ಸುದ್ದಿ ಕೇಳಿ ಮಾವ ಹೇಳಿಕಳಿಸಿದ: "ಐತವಾರ ನಾಟಕ ನಮ್ಮೂರಾಗೇ ಅದ. ಖಟಕಾ ನಡೀತಂದ್ರ ಅವತ್ತೇ ಮಗಳನ್ನ ನಿನ್ನ ಮನಿಗೆ ಕಳಸ್ತೀನಿ. ನಡೀಲಿಲ್ಲಂದ್ರ ಉಳದ ಮಿಷನ್ನೂ ಇಲ್ಲಿಗೇ ಕಳಸು."

ಆ ಐತವಾರ ಮುಂಜಾನೆ ಖಂಡೆಪ್ಪ ಅಂಗಳದಲ್ಲಿ ಕೊನೆಯ ಪರೀಕ್ಷೆಗೆ ಕೂತ. ಓಣಿ ಓಣಿಯೇ ಬಂದು ನಿಂತಿತು. ಇಂಥ ಹೊತ್ತಿಗೆ ಕೆಲಸವಿದ್ದವರು ಯಾರೂ ಇರುವುದಿಲ್ಲ ನೋಡಿ.

"ಏನೋ ಖಂಡ್ಯಾ, ಹಿಟ್ಟು ಬೀಸ್ತದೇನು ಇದು?" ಎದುರುಮನೆಯ ಲಲಿತಾಬಾಯಿ ಕೇಳಿದಳು.

"ಇಲ್ರೀ ವೈನಿ, ಇದು ಮೈಕು ಬದಲಿ ಮಾಡ್ತದ."

"ಹೆಂಡ್ತಿ ಬಿಟ್ಟು ಹೋಗ್ಯಾಳ, ಇಂವಾ ಮೈಕು ಬದಲಿ ಮಾಡ್ಲಕತ್ಯಾನ! ಇರಲಿ, ತುಳಿ ನೋಡೋಣು."

ಖಂಡೆಪ್ಪ ತುಳಿದ. ಮೂರು ಮೈಕಿನ ಮುಂದೆ ಓಣಿಯ ಮೂವರು ನಿಂತು "ಒಂದ, ಎರಡ, ಮೂರ" ಅಂದರು. ಭೋಂಗಾ ತಪ್ಪದೆ "ಒಂದ, ಎರಡ, ಮೂರ" ಅಂತ ಒದರಿತು. ಮಂದಿ ಚಪ್ಪಾಳೆ ಹೊಡೆದರು. ಹಾಡಿ ನೋಡಬೇಕು ಅನ್ನುವ ಬುದ್ಧಿ ಅಲ್ಲಿದ್ದ ಒಬ್ಬ ಪುಣ್ಯಾತ್ಮನಿಗೂ ಬರಲಿಲ್ಲ.

ಡ್ರೈವರ್ ಜಹೀರುದ್ದೀನ್ ಕಂಪನಿಯ ಲಾರಿ ತಂದ. ಸಾಮಾನು ಹೇರಿಕೊಂಡು ಕಮಲಾಪುರ ಮುಟ್ಟಿದರು. ಹೊತ್ತು ಮುಳುಗುವುದರೊಳಗೆ ಆಟ ಮುಗಿಯಬೇಕು ಅಂತ ಪೊಲೀಸ್ ಅಮೀನ ಸಾಹೇಬರ ಹುಕುಂ ಇದ್ದದ್ದರಿಂದ ಮಧ್ಯಾಹ್ನವೇ ಪರದೆ ಏಳುವುದಿತ್ತು. ಗುರುಲಿಂಗಪ್ಪ ದೊಡ್ಡ ಪಟಗ ಸುತ್ತಿ, ಮುಂದಿನ ಸಾಲಿನಲ್ಲಿ ಪಂಚಾಯಿತಿ ಮಾಡಲು ಬಂದವನ ಹಾಗೆ ಕೂತಿದ್ದ. ಶಂಕ್ರಮ್ಮ ಪರದೆಯ ಹಿಂದೆ ಬಂದು ಗಂಡನ ಅಂಗಿ ಜಗ್ಗಿದಳು.

"ರೀ, ಗಂಟು ಕಟ್ಟಿ ಬಾಗಲದಾಗ ಇಟ್ಟು ಬಂದೀನಿ. ಇವತ್ತರ ಒಂದು ಕೆಲಸ ನೆಟ್ಟಗ ಮಾಡ್ರಿ."

"ಮಿಷನ್ನಿನ ಹಲಗಿ ಕಿತ್ತಿದ್ದ ಸಿಟ್ಟು ಹೋತೇನು?"

"ಅದು ಮನಿಗೆ ಹೋದ ಮ್ಯಾಲೆ ಅದ."

ಖಂಡೆಪ್ಪನಿಗೆ ಹತ್ತು ಆನೆಯ ಬಲ ಬಂತು. ರಂಗದ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹಲಗೆಯ ಮೇಲೆ ಕಾಲಿಟ್ಟ.

ಮೊದಲ ಅರ್ಧ ಗಂಟೆ ಬರೀ ಮಾತು. ರಾಜ ಗರ್ಜಿಸಿದ, ಖಂಡೆಪ್ಪ ತುಳಿದ. ರಾಣಿ ಬಿಕ್ಕಿದಳು, ತುಳಿದ. ಎಲ್ಲ ಬೆಣ್ಣೆಯಂತೆ ನಡೆಯಿತು. ಗುರುಲಿಂಗಪ್ಪ ಒಮ್ಮೆ ಮೀಸೆ ಸವರಿಕೊಂಡದ್ದನ್ನೂ ಖಂಡೆಪ್ಪ ನೋಡಿದ.

ಆಮೇಲೆ ರಾಣಿಯ ವಿರಹದ ಹಾಡು ಬಂತು. ರಾಜ, ಹಾಸ್ಯಗಾರ ಇಬ್ಬರೂ ತಮ್ಮ ತಮ್ಮ ಮೈಕಿನ ಹಿಂದಿನ ಪರದೆಯ ಮರೆಗೆ ಸರಿದರು. ಪೇಟಿ ಎತ್ತಿತು, ತಬಲಾ ಬಿತ್ತು. ಭೋಂಗಾ ಹಾಡತೊಡಗಿತು:

"ಪ್ರಾಣಕಾಂತಾ ನಿನ್ನ… ಚಾದಾಗ ಸಕ್ಕರಿ ಎಲ್ಲ್ಯದಲೇ… ಮೀಸಿ ಕಿತ್ತು ಬರ್ಲಕತ್ತದ, ಅಂಟ ತಾರೋ… ಅಗಲಿ ನಾ ಹ್ಯಾಂಗಿರಲಿ… ಮತ್ತೊಂದು ಕಪ್ಪು ಹಾಕು…"

ಮಂದಿ ದಂಗಾದರು. ರಾಣಿ ಬಾಯಿ ತೆರೆದರೆ ಹಾಸ್ಯಗಾರನ ದನಿ. ಬಾಯಿ ಮುಚ್ಚಿದರೆ ರಾಜನ ಕೆಮ್ಮು. ತನ್ನ ಗಂಟಲಿಗೇ ಏನೋ ಆಯಿತೆಂದು ರಾಣಿ ಕುತ್ತಿಗೆ ಹಿಡಿದುಕೊಂಡು ನಿಂತಳು. ಪರದೆ ಬಿತ್ತು.

"ಏ ಖಂಡ್ಯಾ!" ಅಣವೀರಪ್ಪ ಕಾದ ಹಂಚಿನ ಹಾಗೆ ಬಂದ. "ನನ್ನ ಕಂಪನಿ ಮಣ್ಣಾಗ ಹಾಕಲಕ ಎಷ್ಟು ದಿವಸದಿಂದ ಹೊಂಚು ಹಾಕಿದ್ದಿ?"

ಖಂಡೆಪ್ಪನಿಗೆ ಏನೂ ತಿಳಿಯಲಿಲ್ಲ. ಹಲ್ಲುಚಕ್ರ ನೋಡಿದ, ಸರಿ ಇತ್ತು. ತಂತಿ ಎಳೆದ, ಗಟ್ಟಿ ಇತ್ತು. "ಮಾತಿಗೆ ನಡೀತದ, ಹಾಡಿಗೆ ಕೆಡ್ತದ. ಇದಕ್ಕೇನು ಸಂಗೀತದ ಮ್ಯಾಲೆ ಸಿಟ್ಟೇನು?" ಅಂತ ತಲೆ ಕೆರೆದುಕೊಂಡ. ಎರಡನೆಯ ಸಲ ಪರದೆ ಎತ್ತಿದರು. ಹಾಡು ಶುರುವಾಯಿತು. ಮತ್ತೆ ಅದೇ ಚಾ, ಅದೇ ಮೀಸೆ.

ಕೊನೆಗೆ ಕಂಡುಹಿಡಿದವನು ಜಹೀರುದ್ದೀನ್. "ಅರೇ ಭಾಯಿ, ಮಿಷನ್ ಯಾಕ ನೋಡ್ತಿ? ನಿನ್ನ ಪಾಂವ್ ನೋಡು!"

ಖಂಡೆಪ್ಪ ತನ್ನ ಕಾಲು ನೋಡಿಕೊಂಡ. ಅದು ತಬಲಾದ ಪೆಟ್ಟಿಗೆ ಸರಿಯಾಗಿ ತಾಳ ಹಾಕುತ್ತಿತ್ತು. ಒಂದು ಪೆಟ್ಟಿಗೆ ಒಂದು ಮೈಕು. ನಿಲ್ಲು ಅಂದರೆ ನಿಲ್ಲದು. ಪೇಟಿಯ ಸಹವಾಸದಲ್ಲೇ ಬೆಳೆದ ಕಾಲು, ಯಜಮಾನನ ಮಾತು ಎಲ್ಲಿ ಕೇಳೀತು?

"ಸರಿ, ನಾ ತುಳೀತೀನಿ," ಅಂತ ಜಹೀರುದ್ದೀನ್ ಕೂತ. ಅವನು ಖವಾಲಿ ಕೇಳಿ ಬೆಳೆದವನು. ಇಮ್ಮಡಿ ತಾಳ ಹಾಕಿದ. ಅಣವೀರಪ್ಪ ಅವನನ್ನು ಎಬ್ಬಿಸಿ ತಾನೇ ಕೂತ. ಅವನ ಕಾಲಿನ ಜೊತೆ ತಲೆಯೂ ತಾಳ ಹಾಕಿತು. ಊರ ಗೌಡನ ಆಳನ್ನು ಕರೆದು ಕೂಡಿಸಿದರು. ಭಜನೆಯ ಗತ್ತಿಗೆ ಹಲಗೆ ಮುರಿಯುವ ಹಾಗೆ ತುಳಿದ. ಇಡೀ ಕಮಲಾಪುರದಲ್ಲಿ ಹಾಡು ಕೇಳಿ ಕಾಲು ಅಲ್ಲಾಡದವನು ಒಬ್ಬನೂ ಇಲ್ಲ! ಹೊರಗೆ ಮಂದಿ ಸೀಟಿ ಹೊಡೆಯತೊಡಗಿದರು. ಗುರುಲಿಂಗಪ್ಪ ಎದ್ದುನಿಂತು ಧೋತರದ ದೂಳು ಝಾಡಿಸಿದ.

"ರೀ," ಶಂಕ್ರಮ್ಮ ಮೆಲ್ಲಗೆ ಅಂದಳು, "ನಮ್ಮಪ್ಪನ್ನ ಕೂಡಸ್ರಿ."

"ಮಾವಗ?"

"ನಿಮಗ ಗೊತ್ತಿಲ್ಲ. ಅಪ್ಪಗ ತಾಳ ಅಂದ್ರ ಏನಂತ ದೇವರಾಣೆ ತಿಳೀದು. ಭಜನಿಯವರು ಅವನ ಕೈಯಾಗಿಂದು ತಾಳ ಕಸಗೊಂಡು, ಪಣತಿ ಹಿಡೀಲಕ ಕೊಡ್ತಾರ. ಅಂವಾ ಮಾತ್ರ, ನನ್ನ ಮರ್ಯಾದಿ ಮಾಡ್ತಾರ ಅಂತ ತಿಳಕೊಂಡಾನ."

ಖಂಡೆಪ್ಪ ಓಡಿಹೋಗಿ ಮಾವನ ಮುಂದೆ ಕೈಮುಗಿದ. ಏನಂತ ಕೇಳಬೇಕು? ನಿಮಗೆ ತಾಳಜ್ಞಾನ ಇಲ್ಲ, ಬರ್ರಿ ಅನ್ನಬೇಕೇ?

"ಮಾವಾರ, ಈ ಖಟಕಾ ಹಗುರ ಮಂದಿ ಕೈಲೆ ಆಗಂಗಿಲ್ರೀ. ಇದಕ್ಕ ಸ್ಥಿರಬುದ್ಧಿಯ ಹಿರ್ಯಾರೇ ಬೇಕು."

ಗುರುಲಿಂಗಪ್ಪ ಸುತ್ತಲೂ ನೋಡಿದ. ನಾಲ್ಕು ಮಂದಿ ಕೇಳಿಸಿಕೊಂಡರು ಅಂತ ಖಾತ್ರಿಯಾದ ಮೇಲೆ ಎದ್ದ. "ಈಗರ ತಿಳೀತಲ್ಲ! ಹ್ಯಾಂಗ ತುಳೀಬೇಕು, ಹೇಳು."

"ಯಾರು ಬಾಯಿ ತೆರೀತಾರ, ಮುಳ್ಳು ಅವರ ಕಡಿ ಬರೂತನಕ ತುಳೀರಿ. ಆಮ್ಯಾಲೆ ಸುಮ್ಮಕ ಕೂಡ್ರಿ."

ಗುರುಲಿಂಗಪ್ಪ ಜನಕ್ಕೆ ಕಾಣುವ ಹಾಗೆ ಸ್ಟೂಲನ್ನು ಮುಂದೆ ಎಳೆಸಿಕೊಂಡು ಕೂತ. ಪರದೆ ಎದ್ದಿತು. ರಾಣಿ ಹೆದರಿ ಹೆದರಿ ಹಾಡಿದಳು. ಪೇಟಿ ಕುಣಿಯಿತು, ತಬಲಾ ಗುಡುಗಿತು, ಮುಂದಿನ ಸಾಲಿನ ಮುದುಕರ ಕೋಲೂ ಕುಟ್ಟಿದವು. ಗುರುಲಿಂಗಪ್ಪನ ಕಾಲು ಮಾತ್ರ ಹೂಳಿದ ಗಡಿಕಲ್ಲಿನ ಹಾಗೆ ಇದ್ದಲ್ಲೇ ಇತ್ತು. ಭೋಂಗಾದಿಂದ ರಾಣಿಯ ದನಿ ಒಂದೆಳೆ ಕಡಿಯದೆ ಬಂತು. "ಒನ್ಸ್ ಮೋರ್!" ಅಂತ ಮಂದಿ ಕೂಗಿದರು. ರಾಣಿಗೆ ಕೂಗಿದ್ದನ್ನು ಗುರುಲಿಂಗಪ್ಪ ತನಗೇ ಅಂದುಕೊಂಡು ಕೈ ಮುಗಿದ.

ಹೊತ್ತು ಮುಳುಗುವುದಕ್ಕೆ ಆಟ ಮುಗಿಯಿತು. ಅಣವೀರಪ್ಪ ಹಾರ ಹಿಡಿದುಕೊಂಡು ಬಂದ. ಖಂಡೆಪ್ಪ ಕುತ್ತಿಗೆ ಬಾಗಿಸಿದ. ಹಾರ ಅವನನ್ನು ದಾಟಿ ಗುರುಲಿಂಗಪ್ಪನ ಕೊರಳಿಗೆ ಹೋಯಿತು.

"ಗುರುಲಿಂಗಪ್ಪನವರೇ, ನಾಳಿಂದ ಕಲಬುರಗಿಯಾಗ ನಮ್ಮ ಕ್ಯಾಂಪು. ದೀಪಾವಳಿತನಕ ಅಲ್ಲೇ. ಇಂಥಾ ಕಾಲು ನಮಗ ಬೇಕ್ರೀ. ಇಲ್ಲ ಅನಬ್ಯಾಡ್ರಿ."

"ಕಲಾ ಸೇವಾಕ್ಕ ಇಲ್ಲ ಅನ್ನೂ ಮನಶ್ಯಾ ಅಲ್ಲ ನಾ," ಅಂದ ಗುರುಲಿಂಗಪ್ಪ. ಅಳಿಯನ ಬೆನ್ನು ಚಪ್ಪರಿಸಿದ. "ಖಟಕಾ ನಡೀತು. ಕೊಟ್ಟ ಮಾತಿಗೆ ತಪ್ಪಂಗಿಲ್ಲ. ಮಗಳನ್ನ ಈಗಿಂದೀಗ ನಿನ್ನ ಮನಿಗೆ ಕಳಸ್ತೀನಿ."

ಖಂಡೆಪ್ಪನಿಗೆ ಕಣ್ಣೀರೇ ಬಂತು. ಶಂಕ್ರಮ್ಮ ಗಂಟು ತಂದು ಲಾರಿ ಹತ್ತಿದಳು. ಗುರುಲಿಂಗಪ್ಪ ಹತ್ತಿದ. ಖಂಡೆಪ್ಪ ಕಾಲು ಎತ್ತಿದ.

"ನೀ ಎಲ್ಲಿಗಪಾ?" ಮಾವ ಕೇಳಿದ. "ನಾ ಕಲಬುರಗಿಗೆ ಹೋಗಿ ನಿಮ್ಮ ಮನ್ಯಾಗ ಇಳಕೊಂಡ್ರ ಬಾಳಿ ತೋಟಕ್ಕ ನೀರು ಯಾರು ಬಿಡಬೇಕು? ಗೊನಿ ಹಾಕೂ ಹೊತ್ತು. ದೀಪಾವಳಿತನಕ ನೀ ಇಲ್ಲೇ ಇರು."

"ಮಾವಾರ, ಖಟಕಾ ನಾನೇ…"

"ನೀನೇ ತುಳೀತೀಯೇನು ಹಂಗಾದ್ರ? ನನ್ನನ್ಯಾಕ ಕರದಿ ಮತ್ತ?"

ಖಂಡೆಪ್ಪ ಬಾಯಿ ತೆರೆದ. ಯಾಕೆ ಕರೆದೆ ಅಂತ ಹೇಳಿದರೆ ಹೆಂಡತಿ ಲಾರಿಯಿಂದ ಇಳಿಯಬೇಕಾಗುತ್ತದೆ. ಬಾಯಿ ಮುಚ್ಚಿದ.

"ಶಂಕ್ರಮ್ಮಾ, ನೀ ಅರ ಹೇಳ…"

"ಅಪ್ಪಗ ರೊಟ್ಟಿ ಬಡೀಲಕ ಯಾರರ ಬೇಕಲ್ರೀ," ಶಂಕ್ರಮ್ಮ ಕೈ ಚಾಚಿದಳು. "ಮನಿ ಕೀಲಿ ಕೊಡ್ರಿ."

ಕೊಟ್ಟ. ಜಹೀರುದ್ದೀನ್ ಲಾರಿ ಚಾಲೂ ಮಾಡಿದ; ಅದು ಗೊರ್ ಅಂದು ಸುಮ್ಮನಾಯಿತು. ಮಧ್ಯಾಹ್ನದಿಂದ ಭೋಂಗಾಕ್ಕೆ ಕರೆಂಟು ಕೊಟ್ಟು ಬ್ಯಾಟರಿ ಸತ್ತಿತ್ತು.

"ಅಳಿಯಂದ್ರ," ಮೇಲಿನಿಂದ ಗುರುಲಿಂಗಪ್ಪ ಕೂಗಿದ, "ಹಿಂದ ಹೋಗಿ ಜರಾ ದೂಡ್ರಿ!"

ಖಂಡೆಪ್ಪ ಹಿಂದೆ ಹೋಗಿ, ಹೆಗಲು ಕೊಟ್ಟು, ಹಲ್ಲು ಕಚ್ಚಿ, ತನ್ನ ಹೆಂಡತಿಯನ್ನು ತನ್ನ ಮನೆಗೆ ದೂಡಿ ಕಳಿಸಿದ.