ಅತ್ತೆಗೊಂದು ಭಾಮಿನಿ ಷಟ್ಪದಿ

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದಲ್ಲ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕೆಲವರಿಗೆ ಶುಗರ್, ಕೆಲವರಿಗೆ ಬಿ.ಪಿ., ಇನ್ನು ಕೆಲವರಿಗೆ ಸಂಘಸಂಸ್ಥೆಗಳ ಅಧ್ಯಕ್ಷತೆ. ನನ್ನ ಕಾಯಿಲೆಗೆ ಮಂಗಳೂರಿನ ಯಾವ ಡಾಕ್ಟರ ಬಳಿಯೂ ಮದ್ದಿಲ್ಲ. ಅದು ಛಂದಸ್ಸು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾ, ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರವೂ ಬಾಲಕ್ಕೆ ವ್ಯಂಜನ ಅಂಟಿದ ಅಕ್ಷರವೂ ಗುರು, ಎರಡು ಮಾತ್ರೆ ಎಂದು ಹೇಳಿಕೊಟ್ಟೂ ಹೇಳಿಕೊಟ್ಟೂ, ಈಗ ಯಾರೇ ಬಾಯಿ ತೆರೆದರೂ ಅವರು ಏನು ಹೇಳಿದರು ಎನ್ನುವುದಕ್ಕಿಂತ ಮೊದಲು ಎಷ್ಟು ಮಾತ್ರೆಯಲ್ಲಿ ಹೇಳಿದರು ಎನ್ನುವುದು ನನ್ನ ತಲೆಗೆ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಈ ಕಾಯಿಲೆ ಅಂಟಿಲ್ಲ. ಛಂದಸ್ಸಿನ ಪ್ರಶ್ನೆಯನ್ನು ಅವರು ಪರೀಕ್ಷೆಯಲ್ಲಿ ಬಿಟ್ಟುಬಿಡುತ್ತಾರೆ. ಪುಣ್ಯವಂತರು.

ಇದರಿಂದ ಆದ ನಷ್ಟ ಒಂದೆರಡಲ್ಲ. ಒಮ್ಮೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು, ಊರಿನ ಹೆಸರಿನ ಬಾಲ ಕತ್ತರಿಸಿ, "ಮಡಂತ್ಯಾರ್ ಮಡಂತ್ಯಾರ್ ಮಡಂತ್ಯಾರ್ ಮಡಂತ್ಯಾರ್" ಎಂದು ಕೂಗಿದ. ಲಘು, ಗುರು, ಗುರು; ನಾಲ್ಕು ಸಲ! ಸಾಕ್ಷಾತ್ ಭುಜಂಗಪ್ರಯಾತ ವೃತ್ತ, ಅದೂ ಒಂದಕ್ಷರ ತಪ್ಪಿಲ್ಲದೆ. ನಾನು ರೋಮಾಂಚನಗೊಂಡು ನಿಂತೇ ಇದ್ದೆ, ಬಸ್ಸು ಹೋಯಿತು. ಮಡಂತ್ಯಾರಿನಲ್ಲಿರುವ ಅತ್ತೆಯ ಮನೆಗೆ ಅಂದು ಊಟದ ಹೊತ್ತಿಗೆ ತಲುಪಬೇಕಾದವನು ಚಹಾದ ಹೊತ್ತಿಗೆ ತಲುಪಿದೆ. ಹೆಂಡತಿ ಜಲಜ ಅಂದೇ ಹೇಳಿದ್ದಳು, "ನಿಮಗೆ ಕಿವಿ ಉಂಟು, ಆದ್ರೆ ಕೇಳುವುದಿಲ್ಲ" ಎಂದು. ಅದನ್ನು ನಾನು ಕೇಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಅತ್ತೆ ಈಚೆಗೆ ತೀರಿಕೊಂಡರು. ನಮ್ಮ ಕಡೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಹಾಲ್‌ನಲ್ಲಿ ನುಡಿನಮನ ಎಂದು ಒಂದು ಇರುತ್ತದೆ. ತೀರಿಹೋದವರ ಫೋಟೋಗೆ ಹಾರ ಹಾಕಿ, ದೀಪ ಹಚ್ಚಿ, ಮಾತು ಬಲ್ಲವರೊಬ್ಬರು ಮೈಕ್ ಹಿಡಿದು ನಾಲ್ಕು ಮಾತು ಆಡುತ್ತಾರೆ. ಮನೆಯಲ್ಲಿ ಕನ್ನಡದ ಮೇಷ್ಟ್ರೊಬ್ಬ ಇರುವಾಗ ಇನ್ನೊಬ್ಬರನ್ನು ಹುಡುಕುವ ಪ್ರಶ್ನೆಯೇ ಇಲ್ಲ. ಜಲಜ ಹಿಂದಿನ ದಿನವೇ ಹತ್ತಿರ ಕುಳಿತು, "ದೊಡ್ಡ ಭಾಷಣ ಬೇಡ. ಅಮ್ಮ ಹೇಗಿದ್ರು ಅಂತ ಎರಡು ಮಾತು ಹೇಳಿ, ಸಾಕು. ನನಗೆ ಹೇಳ್ಲಿಕ್ಕೆ ಆಗುವುದಿಲ್ಲ, ಗಂಟಲು ಕಟ್ಟುತ್ತದೆ" ಎಂದಳು. ಆಗಲಿ ಎಂದೆ. ಆದರೆ ಎರಡು ಮಾತು ಹೇಳುವುದಕ್ಕೆ ನಾನೇ ಯಾಕೆ ಬೇಕು? ಕುಳಿತು ಭಾಮಿನಿ ಷಟ್ಪದಿಯಲ್ಲಿ ಬರೆಯತೊಡಗಿದೆ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ಬಡಿಸಿದ ಹಾಗೆ ಬಂದು ಕೂತವು. "ಗೃಹಸರೋವರ ರಾಜಹಂಸೆಯೆ, ಸಹನೆಯಂಬುಧಿ ಸಾಧ್ವಿಮಣಿಯೇ" ಎಂದು ಶುರುವಾಯಿತು. ಅತ್ತೆಯ ಮನೆಯಲ್ಲಿ ಸರೋವರವಿರಲಿಲ್ಲ, ಒಂದು ಬಾವಿ ಇತ್ತು. ಸಹನೆಯಂತೂ ಆ ಬಾವಿಯಷ್ಟೂ ಇರಲಿಲ್ಲ. ಅವರು ಗದರಿದರೆ ರಸ್ತೆಯಲ್ಲಿ ಹೋಗುವವರೂ ಒಮ್ಮೆ ನಿಲ್ಲುತ್ತಿದ್ದರು. ಆದರೆ ಮೊದಲ ಸಾಲಿನಲ್ಲಿ 'ಗೃಹ' ಬಂದ ಮೇಲೆ ಎರಡನೆಯದರಲ್ಲಿ ಹಕಾರದ ಪ್ರಾಸಕ್ಕೆ ಸಹನೆಯಲ್ಲದೆ ಬೇರೇನನ್ನು ತರಲಿ?

ಹಾಲ್‌ನಲ್ಲಿ ನಾನು ಓದಲಿಲ್ಲ, ರಾಗವಾಗಿ ಹಾಡಿದೆ. ಭಾಮಿನಿಯನ್ನು ಓದುವುದು ಪಾಪ. ಯಕ್ಷಗಾನದ ನಾಡಿನಲ್ಲಿ ಭಾಮಿನಿ ಹಾಡಿದರೆ ಏನಾಗುತ್ತದೆ ಎಂದು ಯೋಚಿಸಬೇಕಿತ್ತು. ಫರಂಗಿಪೇಟೆಯಿಂದ ಬಂದಿದ್ದ ಜಲಜಳ ಸೋದರಮಾವ ಒಂದು ಕಾಲದಲ್ಲಿ ಹವ್ಯಾಸಿ ಸಂಘದಲ್ಲಿ ಚೆಂಡೆ ಬಾರಿಸುತ್ತಿದ್ದವರು. ಎರಡನೆಯ ಪದ್ಯಕ್ಕೆ ಅವರ ಕೈ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಾನಾಗಿ ಆಡತೊಡಗಿತು. ಮೂರನೆಯದಕ್ಕೆ ಆ ಸಾಲಿನ ಕುರ್ಚಿಗಳೆಲ್ಲ ಸೇರಿದವು. ನಾನು ಹುರುಪಿನಿಂದ ಸ್ವರ ಏರಿಸಿದೆ. ಜಲಜಳ ಅಣ್ಣ ಸುಧಾಕರ ಹತ್ತಿರ ಬಂದು ಕಿವಿಯಲ್ಲಿ, "ಭಾವ, ಎಲೆ ಹಾಕಿ ಆಯ್ತು, ಅನ್ನ ತಣಿಯುತ್ತದೆ" ಎಂದ. ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮುಗಿಸಿದಾಗ ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು. ಸೋದರಮಾವ ಎದ್ದು ಬಂದು ಕೈ ಹಿಡಿದು, "ಭಾರೀ ಲಾಯ್ಕ್ ಆಯ್ತು ಮಾರಾಯ್ರೆ! ಯಾವ ಪ್ರಸಂಗದ್ದು?" ಎಂದು ಕೇಳಿದರು. ಆಗ ನಾನು ಮೊದಲ ಸಾಲಿನ ಕುರ್ಚಿಗಳತ್ತ ನೋಡಿದೆ. ಜಲಜ ತಲೆ ತಗ್ಗಿಸಿ ತನ್ನ ಪಾದ ನೋಡುತ್ತಿದ್ದಳು. ತಾಯಿಯ ಫೋಟೋ ಕೂಡ ನನ್ನನ್ನು ಗದರುವ ಹಾಗೆ ಕಂಡಿತು.

ಅಂದಿನಿಂದ ಜಲಜ ನನ್ನೊಡನೆ ಕನ್ನಡ ಮಾತಾಡತೊಡಗಿದಳು. ಇದರ ಭೀಕರತೆ ಘಟ್ಟದ ಮೇಲಿನವರಿಗೆ ತಿಳಿಯಲಾರದು. ನಮ್ಮ ಮನೆಯಲ್ಲಿ ಪ್ರೀತಿ, ಜಗಳ, ಬೈಗುಳ ಎಲ್ಲ ತುಳುವಿನಲ್ಲಿ. ಕನ್ನಡ ಬರುವುದು ಬ್ಯಾಂಕಿನವರು ಫೋನ್ ಮಾಡಿದಾಗ ಮಾತ್ರ. ಈಗ ಬೆಳಗ್ಗೆ ಎದ್ದರೆ, "ಚಹಾ ಮೇಜಿನ ಮೇಲೆ ಉಂಟು. ಕುಡಿಯುವುದಾದರೆ ಕುಡಿಯಬಹುದು." ಸಂಜೆ ಬಂದರೆ, "ಬಾಗಿಲು ಹಾಕಿಕೊಳ್ಳಿ." ಪಾಠದ ಪುಸ್ತಕದ ಹಾಗೆ ಒಂದೊಂದೇ ಶಬ್ದ ಬಿಡಿಸಿ, ಏರಿಲ್ಲ, ಇಳಿತವಿಲ್ಲ. ಮೊದಲ ದಿನ, ಎಷ್ಟು ಶುದ್ಧ ಉಚ್ಚಾರ ಎಂದು ಸಂತೋಷಪಟ್ಟೆ. ಬಾಯಿ ತಪ್ಪಿ ಹೊಗಳಿಯೂಬಿಟ್ಟೆ. ಆಮೇಲೆ ಅಷ್ಟು ಮಾತೂ ನಿಂತಿತು. ಮದುವೆಯಾದಂದಿನಿಂದ ಇಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ. ಸ್ವಂತ ಮನೆಯಲ್ಲಿ ನೆಂಟನ ಹಾಗೆ ಗೋಡೆ ನೋಡುತ್ತಾ ಕೂರುವುದು ಸಾಮಾನ್ಯ ಸಂಕಟವಲ್ಲ.

ಕೊನೆಗೊಂದು ಸಂಜೆ ಜಲಜ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. ತುಳುವಿನಲ್ಲಿಯೇ, ಮೆತ್ತಗೆ, "ಅಮ್ಮನದ್ದು ನಿಮಗೆ ನಿಜವಾಗಿ ಏನೂ ನೆನಪಿಲ್ಲವಾ?" ಎಂದು ಕೇಳಿದಳು. ನೆನಪಿಲ್ಲದೆ ಏನು? ನಾನು ಆ ಮನೆಯ ಮೆಟ್ಟಿಲು ಹತ್ತುವ ಮೊದಲೇ ಒಳಗಿನಿಂದ ಅತ್ತೆ, "ವಣಸ್ ಆಂಡಾ?" ಎಂದು ಕೂಗುತ್ತಿದ್ದರು, ಊಟ ಆಯಿತೇ ಎಂದು. ಬೆಳಗ್ಗೆ ಹೋದರೂ ಅದೇ, ಸಂಜೆ ಹೋದರೂ ಅದೇ. ಆಯಿತು ಎಂದರೆ ನಂಬುತ್ತಿರಲಿಲ್ಲ, ಬಡಿಸಿಯೇ ಬಿಡುತ್ತಿದ್ದರು. ಆಸ್ಪತ್ರೆಯಲ್ಲಿ, ತನ್ನ ಗಂಟಲಲ್ಲಿ ಗಂಜಿ ಇಳಿಯದಿದ್ದಾಗಲೂ, ನನ್ನನ್ನು ಕಂಡೊಡನೆ ಮೂಗಿನ ನಳಿಗೆ ಸರಿಸಿ ಕೇಳಿದ್ದು ಅದನ್ನೇ. ಇಷ್ಟನ್ನು ಹೇಳಿದೆ. ಜಲಜ ನನ್ನ ಭುಜಕ್ಕೆ ಒರಗಿ ಜೋರಾಗಿ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ಇದನ್ನೇ ಅಲ್ಲಿ ಹೇಳ್ಬಹುದಿತ್ತಲ್ಲ ನೀವು?" ಎಂದಳು.

ಸುಮ್ಮನಿರಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ನಾನು, "ಅದು ಷಟ್ಪದಿಗೆ ಕೂರುವುದಿಲ್ಲ ಮಾರಾಯ್ತಿ" ಎಂದೆ.

ಜಲಜ ಎದ್ದಳು. "ಊಟ ಮುಚ್ಚಿಟ್ಟಿದ್ದೇನೆ. ಬಡಿಸಿಕೊಂಡು ಉಣ್ಣಬಹುದು" ಎಂದು ಅಚ್ಚ ಕನ್ನಡದಲ್ಲಿ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಬ್ಬನೇ ಕುಳಿತು ಅನ್ನ ಕಲಸುತ್ತಿದ್ದಾಗ, ಅತ್ತೆಯ ಆ ಮಾತನ್ನು ನಾನು ಒಮ್ಮೆಯೂ ಎಣಿಸಿ ನೋಡಿರಲೇ ಇಲ್ಲ ಎಂದು ಹೊಳೆಯಿತು. ಅತ್ತೆ ಅದನ್ನು ಕೇಳಿದಾಗಲೆಲ್ಲ ನಾನು ನೇರ ಊಟಕ್ಕೆ ಕೂತಿದ್ದೆ. ಲೋಕದಲ್ಲಿ ನಾನು ಮಾತ್ರೆ ಎಣಿಸದೆ ಅರ್ಥ ಮಾಡಿಕೊಂಡ ಮಾತು ಅದೊಂದೇ ಇರಬೇಕು. ಈಗ ಎಣಿಸಿದೆ. ವಣಸ್, ಮೂರು. ಆಂಡಾ, ನಾಲ್ಕು. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಮಾತ್ರೆ ಕಡಿಮೆ ಇಲ್ಲ, ಅಪ್ಪಟ ಭಾಮಿನಿ. ಕಣ್ಣು ತುಂಬಿ ಬಂತು. ಎಂಜಲು ಕೈಯಲ್ಲೇ ಎದ್ದು, ಇದನ್ನು ಹೇಳೋಣವೆಂದು ಜಲಜಳ ಬಾಗಿಲು ತಟ್ಟಿದೆ.